ಅಣ್ಣನ ಮೂಗಿಗೆ ಒಂದು ಇಂಗ್ಲಿಷ್ ಪದ

ಕಾಗದದಲ್ಲಿ ಎರಡು ಚೌಕಗಳಿದ್ದವು. ಒಂದರ ಪಕ್ಕ ‘ಸಡನ್’, ಇನ್ನೊಂದರ ಪಕ್ಕ ‘ಗ್ರಾಜುಯಲ್’. ತೊಂದರೆ ಒಮ್ಮೆಲೇ ಬಂದದ್ದೋ, ಮೆಲ್ಲಮೆಲ್ಲಗೆ ಬಂದದ್ದೋ ಎಂದು ಪ್ರಶ್ನೆ. ಕೆಳಗೆ ವಿವರ ಬರೆಯಲು ಖಾಲಿ ಗೆರೆಗಳು. ಕುಂದಾಪುರಕ್ಕೆ ಸೋಮವಾರ ಮಾತ್ರ ಬರುವ ಮೂಗಿನ ತಜ್ಞರಿಗೆ ಅಣ್ಣನನ್ನು ತೋರಿಸಿ ಎಂದು ಕೋಟೇಶ್ವರದ ನಮ್ಮ ಹಳೇ ಡಾಕ್ಟರು ಕೊಟ್ಟ ಕಾಗದ ಅದು. ತಜ್ಞರು ಹೊರ ರಾಜ್ಯದವರು, ಕನ್ನಡ ಅಷ್ಟಾಗಿ ಬಾರದು, ವಿವರವೆಲ್ಲ ಇಂಗ್ಲಿಷಿನಲ್ಲೇ ಬೇಕು.

“ಯಾವುದಕ್ಕೆ ಗುರುತು ಹಾಕ್ಲಿ ಭಟ್ರೆ?” ಎಂದು ಡಾಕ್ಟರು ಪೆನ್ನು ಎತ್ತಿ ಹಿಡಿದು ಕೇಳಿದರು.

“ಅದೆಲ್ಲ ನಂಗೆ ತಿಳಿತಿಲ್ಲ,” ಎಂದ ಅಣ್ಣ. “ಮಾಣಿ ಇಂಗ್ಲಿಷ್ ಮೇಷ್ಟ್ರಲ್ದಾ. ಅವ ಬರೀತ.”

ಮಾಣಿ ಎಂದರೆ ಹುಡುಗ, ಹುಡುಗ ಎಂದರೆ ನಾನು. ವಯಸ್ಸು ಐವತ್ತೆರಡು, ಬ್ರಹ್ಮಾವರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು, ಕೂದಲಿನ ಬಗ್ಗೆ ಹೇಳುವಂಥದ್ದೇನೂ ಉಳಿದಿಲ್ಲ. ಅಣ್ಣ ಅತ್ತಿಗೆಯರ ಬಾಯಲ್ಲಿ ಮಾತ್ರ ನಾನಿನ್ನೂ ಮಾಣಿ. ಡಾಕ್ಟರು ‘ಗ್ರಾಜುಯಲ್’ಗೆ ಗುರುತು ಹಾಕಿ ಕಾಗದವನ್ನು ನನ್ನ ಕೈಗಿತ್ತರು. “ಚೆಂದ ಮಾಡಿ ಬರೀರಿ. ಯಾವಾಗ ಶುರುವಾಯ್ತು, ಹೇಗೆ ಹೇಗೆ ಹೋಯ್ತು. ಅವರು ಅದನ್ನೇ ನೋಡಿ ಮುಂದಿನದ್ದು ಹೇಳುವುದು.”

ಹೋದದ್ದು ಅಣ್ಣನ ಮೂಗಿನ ಶಕ್ತಿ. ಬೇರೆ ಯಾರದ್ದಾದರೂ ಹೋಗಿದ್ದರೆ ಸೆಂಟು ಹಾಕಿಕೊಳ್ಳುವುದು ಬಿಟ್ಟು ಸುಮ್ಮನಿರುತ್ತಿದ್ದರು. ಅಣ್ಣ ಸಮಾರಂಭಗಳ ಅಡಿಗೆಯವನು, ತಂಡದ ದೊಡ್ಡ ಭಟ್ಟ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಮದುವೆ, ಮುಂಜಿ, ಗೃಹಪ್ರವೇಶ ಅಂದರೆ ಅವನ ಕಟಾರಗಳು, ಆ ದೊಡ್ಡ ಅಡಿಗೆ ಪಾತ್ರೆಗಳು, ಇಳಿಯುತ್ತವೆ. ನಮ್ಮಲ್ಲಿ ದೇವರಿಗೆ ನೈವೇದ್ಯ ಆಗುವ ಮೊದಲು ಅಡಿಗೆಯ ರುಚಿ ನೋಡುವ ಹಾಗಿಲ್ಲ. ಒಂದು ಹನಿ ನಾಲಿಗೆಗೆ ಮುಟ್ಟಿಸಿದರೂ ಕಟಾರ ಪೂರ್ತಿ ಎಂಜಲು. ಹಾಗಾಗಿ ಕುದಿಯುವ ಹುಳಿಯ ಮೇಲೆ ಬಗ್ಗಿ, ಅಂಗೈಯಲ್ಲಿ ಆವಿಯನ್ನು ಮುಖದ ಕಡೆ ತಂದುಕೊಂಡು, ಉಪ್ಪು, ಹುಳಿ, ಇಂಗು ಎಷ್ಟಿದೆ ಎಂದು ಹೇಳಬೇಕು. ಇದಕ್ಕೆ ಆವಿ ನೋಡುವುದು ಎನ್ನುತ್ತಾರೆ. ಕಟ್ಟಾ ಶಾಸ್ತ್ರದವರು ಮೂಸುವುದೂ ತಪ್ಪು ಎಂದಾರು. ಅದಕ್ಕೆ ನಮ್ಮವರ ಸಮಾಧಾನ ಏನೆಂದರೆ, ನಾವು ಮೂಸುವುದಿಲ್ಲ, ಆವಿ ತಾನಾಗಿ ಮೂಗಿಗೆ ಬರುತ್ತದೆ. ಉಪ್ಪಿಗೆ ವಾಸನೆ ಎಲ್ಲಿದೆ ಎಂದು ನಾನೊಮ್ಮೆ ಕೇಳಿದ್ದೆ. ಉಪ್ಪು ಬಿದ್ದ ಮೇಲೆ ಹುಳಿಯ ಪರಿಮಳ ಎದ್ದು ಕೂರುತ್ತದೆ, ಅದು ನಿನಗೆ ಇಂಗ್ಲಿಷಿನಲ್ಲಿ ತಿಳಿಯುವುದಿಲ್ಲ ಎಂದಿದ್ದ.

ಈಗ ಆ ಮೂಗು ಇಲ್ಲ. ಮುಂದಿನ ಗುರುವಾರ ಬಿಜೂರಿನಲ್ಲಿ ಉಪನಯನದ ಅಡಿಗೆ ಒಪ್ಪಿಯಾಗಿದೆ. ಮೂಗಿಲ್ಲದೆ ಕಟಾರದ ಮುಂದೆ ನಿಲ್ಲುವುದು ಹೇಗೆ, ನಿಲ್ಲದಿದ್ದರೆ ಅವನು ಯಾರು? ಅಣ್ಣ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ನಮ್ಮ ಮನೆಯಲ್ಲಿ ಬಾಯಿಬಿಟ್ಟು ಆತಂಕಪಡುವ ಕೆಲಸವನ್ನು ಮೊದಲಿನಿಂದಲೂ ನನಗೆ ವಹಿಸಲಾಗಿದೆ.

ವಿಷಯ ಗೊತ್ತಾದದ್ದು ಒಂದು ಭಾನುವಾರ ಬೆಳಿಗ್ಗೆ. ಕೋಟೇಶ್ವರದ ಅಣ್ಣನ ಮನೆಯ ಗೇಟು ತೆರೆಯುತ್ತಿದ್ದಂತೆ ಹಾಲು ಹೊತ್ತಿದ ವಾಸನೆ ರಪ್ಪನೆ ಮುಖಕ್ಕೆ ಹೊಡೆಯಿತು. ಅತ್ತಿಗೆ ದೇವಸ್ಥಾನಕ್ಕೆ ಹೋಗಿದ್ದರು. ನಾನು ಚಪ್ಪಲಿ ಸಮೇತ ಓಡಿ ಒಳಗೆ ಹೋದರೆ ಅಡಿಗೆಮನೆ ತುಂಬ ನೀಲಿ ಹೊಗೆ. ಒಲೆಯಿಂದ ಒಂದು ಮಾರು ದೂರದಲ್ಲಿ, ಹೊಗೆಗೆ ಬೆನ್ನು ಹಾಕಿ ಅಣ್ಣ ಮಣೆಯ ಮೇಲೆ ಕೂತು ಪೇಪರು ಓದುತ್ತಿದ್ದಾನೆ.

“ಎಂತ ಮಾಣಿ, ನಾಯಿ ಅಟ್ಟಿಸ್ಕಂಡ್ ಬಂತಾ?”

“ಹಾಲ್.”

“ಹಾಲಿಗೆ ಎಂತ ಆಯ್ತ್?”

ನಾನು ಗ್ಯಾಸ್ ಆರಿಸಿ ಕಿಟಕಿ ತೆರೆದೆ. ಅಣ್ಣ ತಿರುಗಿ ಪಾತ್ರೆಯನ್ನು ನೋಡಿದ. ತಳ ಇದ್ದಿಲಾಗಿತ್ತು. ಮೂವತ್ತೈದು ವರ್ಷ ಬೆಂಕಿಯ ಮುಂದೆ ನಿಂತವನ ಮುಖ ಅಷ್ಟು ಬಿಳಿಚಿದ್ದನ್ನು ನಾನು ನೋಡಿರಲಿಲ್ಲ.

“ನಿಂಗ್ ವಾಸ್ನೆ ಬರ್ಲಿಲ್ಯಾ ಅಣ್ಣ?”

“ಶೀತ ಮಾರಾಯ.”

“ಎಷ್ಟ್ ದಿನದ್ದ್?”

“ಶೀತಕ್ಕೆ ಜಾತ್ಕ ಬರ್ಸಿಡ್ತ್ರಾ?”

ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಲು ನನಗೆ ಎರಡು ವಾರ ಹಿಡಿಯಿತು. ಆ ಎರಡು ವಾರ ಅವನು ಗ್ಯಾಸ್ ಹಚ್ಚುವ ಹೊತ್ತನ್ನು ಲೆಕ್ಕ ಹಾಕಿ ಬ್ರಹ್ಮಾವರದಿಂದ ಫೋನು ಮಾಡುತ್ತಿದ್ದೆ. ಅವನು ಎತ್ತಿ “ಇನ್ನೂ ಬದ್ಕಿದ್ದೆ” ಎಂದು ಇಡುತ್ತಿದ್ದ.

ಈಗ ಕಾಗದ ಬರೆಯಬೇಕು. ಸುಲಭದ ಕೆಲಸ ಎಂದುಕೊಂಡೆ. ಮೆಲ್ಲಮೆಲ್ಲಗೆ ಆಗುವ ಬದಲಾವಣೆಗೆ ಇಂಗ್ಲಿಷಿನಲ್ಲಿ ಏನೇನು ಪದಗಳಿವೆ ಎಂದು ನಾನು ಮಕ್ಕಳಿಗೆ ಒಂದು ಪಟ್ಟಿ ಬರೆಸುತ್ತೇನೆ. ಹಲಗೆಯ ಮೇಲೆ ಒಂದೇ ಗೆರೆ: ಸ್ಲೋಲಿ, ಗ್ರಾಜುಯಲಿ, ಸ್ಟೆಡಿಲಿ, ಪ್ರೋಗ್ರೆಸಿವ್ಲಿ, ಲಿಟಲ್ ಬೈ ಲಿಟಲ್. ನಡುನಡುವೆ ಸಮಚಿಹ್ನೆ. ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದು ಬರೆದರೆ ಪೂರ್ತಿ ಅಂಕ. ಇಪ್ಪತ್ತೇಳು ವರ್ಷದಿಂದ ಹೀಗೇ ನಡೆದು ಬಂದಿದೆ, ಯಾರಿಗೂ ಅಪಾಯವಾಗಿಲ್ಲ.

ಮಂಗಳವಾರ ಸಂಜೆ ಶಾಲೆಯಿಂದ ಬಂದು ಬರೆದೆ: “ಮೈ ಎಲ್ಡರ್ ಬ್ರದರ್ಸ್ ಸೆನ್ಸ್ ಆಫ್ ಸ್ಮೆಲ್ ಹ್ಯಾಸ್ ಸ್ಟೆಡಿಲಿ ಆ್ಯಂಡ್ ಪ್ರೋಗ್ರೆಸಿವ್ಲಿ ಡಿಕ್ಲೈನ್ಡ್.” ನನ್ನ ಅಣ್ಣನ ವಾಸನೆಯ ಶಕ್ತಿ ಒಂದೇ ಸಮನೆ, ದಿನೇ ದಿನೇ ಇನ್ನಷ್ಟು ಕುಂದುತ್ತಾ ಬಂದಿದೆ. ಓದಲಿಕ್ಕೆ ಒಳ್ಳೇ ತಾಳ ಇತ್ತು. ಹೆಂಡತಿಗೆ ಓದಿ, ಅರ್ಥವನ್ನೂ ಹೇಳಿದೆ.

“ಇದನ್ನ್ ಕೇಂಡ್ರೆ ಭಾವ ತೀರ್ಕಂಡ್ರ್ ಅಂತ ಆತ್ತ್ ಕಾಣಿ,” ಎಂದಳು ಆಕೆ ಬಟ್ಟೆ ಮಡಚುತ್ತಾ.

ತಲೆಗೆ ಹುಳ ಬಿಟ್ಟ ಹಾಗಾಯಿತು. ನಿಘಂಟು ತೆಗೆದೆ. ಸ್ಲೋಲಿ ಅನ್ನುವುದು ಬರೀ ವೇಗದ ಮಾತು. ಬಸ್ಸು ಸ್ಲೋಲಿ ಹೋಗುತ್ತದೆ, ಗ್ರಾಜುಯಲಿ ಹೋಗುವುದಿಲ್ಲ. ಬೈಂದೂರಿಗೆ ಎಷ್ಟು ಹೊತ್ತಿಗೆ ಮುಟ್ಟಿದರೂ ಬಸ್ಸು ಬಸ್ಸೇ. ಗ್ರಾಜುಯಲಿಯ ಒಳಗೆ ಮೆಟ್ಟಿಲುಗಳಿವೆ. ಇದ್ದದ್ದು ಹಂತ ಹಂತವಾಗಿ ಬೇರೆಯಾಗಬೇಕು, ಆದರೆ ನಡುವೆ ಒಂದು ಮೆಟ್ಟಿಲಲ್ಲಿ ನಿಂತು ಉಸಿರು ಬಿಟ್ಟರೂ ಅದು ತಕರಾರು ಮಾಡುವುದಿಲ್ಲ. ಸ್ಟೆಡಿಲಿ ಹಾಗಲ್ಲ. ಆಷಾಢದ ಮಳೆಯಂತೆ ಬಿಡದೆ, ಏರಿಳಿತ ಇಲ್ಲದೆ, ಒಂದೇ ಹದದಲ್ಲಿ ಆಗುತ್ತಿರಬೇಕು. ಪ್ರೋಗ್ರೆಸಿವ್ಲಿ ಎಂದರೆ ನಿನ್ನೆಗಿಂತ ಇವತ್ತು ಹೆಚ್ಚು, ಇವತ್ತಿಗಿಂತ ನಾಳೆ ಹೆಚ್ಚು. ಡಾಕ್ಟರ ಕಾಗದದಲ್ಲಿ ಅದನ್ನು ಕಂಡರೆ ಮನೆಯವರು ಕೂತುಕೊಳ್ಳಲು ಕುರ್ಚಿ ಹುಡುಕಬೇಕು. ಲಿಟಲ್ ಬೈ ಲಿಟಲ್ ಮನೆಮಾತು, ಮಗು ನಡೆಯಲು ಕಲಿತದ್ದಕ್ಕೆ ಹೇಳಬಹುದು, ತಜ್ಞರಿಗೆ ಬರೆದರೆ ನನ್ನನ್ನು ನೋಡಿ ನಕ್ಕಾರು. ಇರೋಡ್ ಎಂದರೆ ಹೊರಗಿನದೊಂದು ಬಂದು ತಿನ್ನಬೇಕು, ಮರವಂತೆಯ ದಡವನ್ನು ಕಡಲು ತಿನ್ನುವ ಹಾಗೆ. ಅಣ್ಣನ ಮೂಗನ್ನು ಏನು ತಿಂದಿತು? ವೇನ್ ಎಂಬ ಪದವನ್ನು ಕರಗುವ ಚಂದ್ರನಿಗೆ ಹೇಳುತ್ತಾರೆ. ಆ ಪದ ಇಷ್ಟವಾಯಿತು, ಯಾಕೆಂದರೆ ಚಂದ್ರ ಮತ್ತೆ ತುಂಬುತ್ತಾನೆ. ಆದರೆ ವೈದ್ಯಕೀಯ ವಿವರದಲ್ಲಿ ಅಂಥ ಆಸೆಗೆ ಆಧಾರ ಬೇಕಲ್ಲ.

ಮಕ್ಕಳಿಗೆ ಬರೆಸಿದ ಸಮಚಿಹ್ನೆಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಪ್ರತಿ ಪದವೂ ಒಂದೊಂದು ಸಾಕ್ಷಿ ಕೇಳುತ್ತಿತ್ತು. ನನ್ನ ಹತ್ತಿರ ಒಂದೂ ಇರಲಿಲ್ಲ.

ಕೊನೆಗೆ ಇಂಪರ್ಸೆಪ್ಟಿಬ್ಲಿ ಎಂದು ಬರೆದೆ. ಯಾರ ಗಮನಕ್ಕೂ ಬಾರದ ಹಾಗೆ. ಎರಡು ನಿಮಿಷ ಹಾಯೆನಿಸಿತು. ಆಮೇಲೆ ಹಂಗಾರಕಟ್ಟೆ ನೆನಪಾಯಿತು.

ನಾಲ್ಕು ವರ್ಷದ ಹಿಂದೆ ಹಂಗಾರಕಟ್ಟೆಯಲ್ಲಿ ಒಂದು ಗೃಹಪ್ರವೇಶ. ಅಣ್ಣನದ್ದೇ ಅಡಿಗೆ. ಸೌತೆಕಾಯಿ ಹುಳಿಯಲ್ಲಿ ಸುಟ್ಟ ಮೆಂತೆಯ ಕಹಿ ಇತ್ತು, ಒಗ್ಗರಣೆ ಹೊತ್ತಿತ್ತು. ಅಣ್ಣನ ಒಗ್ಗರಣೆ ಹೊತ್ತುವುದೆಂದರೆ ಸೂರ್ಯ ಪಡುವಣದಲ್ಲಿ ಹುಟ್ಟಿದ ಹಾಗೆ. ನಾನು ಎರಡನೇ ಸಲ ಬಡಿಸಿಕೊಂಡು ಪರೀಕ್ಷಿಸಿದೆ. ಕಹಿಯೇ. ಪಂಕ್ತಿಯಲ್ಲಿ ಯಾರೂ ಏನೂ ಹೇಳುತ್ತಿಲ್ಲ. ಆಗ ನಾನು ಬಂದ ತೀರ್ಮಾನ ಇಷ್ಟೇ: ನನ್ನ ನಾಲಿಗೆಗೆ ಏನೋ ಆಗಿದೆ. ಮನೆಗೆ ಬಂದು ಫೋನಿನಲ್ಲಿ ಬಾಯಿ ಕಹಿಯಾಗುವ ರೋಗಗಳನ್ನೆಲ್ಲ ಓದಿ, ಮಾರನೇ ದಿನ ಲಿವರ್ ಪರೀಕ್ಷೆ ಮಾಡಿಸಿದೆ. ಲಿವರ್ ಚೆನ್ನಾಗಿತ್ತು. ನಾನು ಆ ಸಂತೋಷದಲ್ಲಿ ಹುಳಿಯನ್ನು ಮರೆತೆ.

ತೆಂಗಿನಮರದ ಕೆಳಗೆ ನಡೆಯಲು ಹೆದರುವವನು, ಬಸ್ಸು ಸೇತುವೆ ದಾಟುವಾಗ ಕಿಟಕಿಯ ಕಡೆಯ ಸೀಟು ಬಿಟ್ಟು ಕೊಡುವವನು, ಹೆದರಬೇಕಾದ ಒಂದೇ ಒಂದು ಕಡೆ ತನ್ನ ಲಿವರಿಗೆ ಹೆದರಿಕೊಂಡು ಕೂತಿದ್ದ. ಇಂಪರ್ಸೆಪ್ಟಿಬ್ಲಿ ಎಂಬ ಪದ ಮೂಗಿನ ಬಗ್ಗೆ ಏನೂ ಹೇಳುವುದಿಲ್ಲ. ಅದು ಸುತ್ತಲಿನವರು ತಮ್ಮ ಪರವಾಗಿ ಕೊಟ್ಟುಕೊಳ್ಳುವ ಅಫಿಡವಿಟ್ಟು. ಹೊಡೆದು ಹಾಕಿದೆ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟವನೇ ಕೋಟೇಶ್ವರಕ್ಕೆ ಹೋದೆ. ಅಣ್ಣ ಬಿಜೂರಿನ ತರಕಾರಿ ಹೇಳಲು ಪೇಟೆಗೆ ಹೋಗಿದ್ದ. ಅತ್ತಿಗೆ ಹಿಂದಿನ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಕಾಗದ ತೆಗೆದು, ಒಂದೇ ಸಮನೆ ಕುಂದುತ್ತಾ ಬಂದಿದೆ ಎಂಬಲ್ಲಿಯವರೆಗೆ ಕನ್ನಡದಲ್ಲಿ ಹೇಳಿದೆ.

“ನೀ ಬರ್ದದ್ದ್ ಸಮ ಇಲ್ಲ ಮಾಣಿ,” ಎಂದರು ಅತ್ತಿಗೆ, ತಲೆ ಎತ್ತದೆ. “ಒಂದೇ ಸಮ ಹೋದ್ದಲ್ಲ ಅದ್. ಹೋತಿತ್ತ್, ಬತ್ತಿತ್ತ್.”

“ಬತ್ತಿತ್ತಾ?”

“ಮಳಿಗಾಲ್ದಗೆ ಒಂಚೂರೂ ಇಲ್ಲ. ದೀಪಾವಳಿ ಕಳ್ದ್ ಮೇಲೆ ಸ್ವಲ್ಪ ಬತ್ತ್. ಮತ್ತೆ ಹೋತ್ತ್. ಪ್ರತಿ ವರ್ಷ ಬಪ್ಪುದ್ ಕಮ್ಮಿ, ಹೋಪುದ್ ಜಾಸ್ತಿ.” ಒಂದು ಬೀಜವನ್ನು ಬಟ್ಟಲಿಗೆ ಹಾಕಿದರು. “ಆಚಿ ವರ್ಷ ಗೇರ್‌ಬೀಜದ್ ಸೊನೆ ತಾಗಿ ಕೈಯೆಲ್ಲ ಬೊಕ್ಕೆ ಎದ್ದಿತಲ್ದಾ? ಡಾಕ್ಟ್ರ್ ಐದ್ ದಿನ ಮಾತ್ರೆ ಕೊಟ್ಟಿದ್ರ್. ಮೂರ್ನೇ ದಿನ ಬೆಳಿಗ್ಗೆ ಎದ್ದವ್ರೇ, ‘ಆಚಿ ಮನಿಯಗೆ ಹಲ್ಸಿನ್ ಹಣ್ಣ್ ಕೊಯ್ದ್ರಾ?’ ಅಂತ ಕೇಂಡ್ರ್.”

“ಕೊಯ್ದಿದ್ರಾ?”

“ಕೊಯ್ದಿದ್ರ್. ನಾ ಒಳ್ಗ್ ಹೋಯಿ ಅಕ್ಕಿ ಡಬ್ಬಿ ಹಿಡ್ಕಂಡ್ ನಿಂತೆ. ಒಂದ್ ವಾರ ಎಲ್ಲ ವಾಸ್ನೆ ಬಂತ್. ಮತ್ತೆ ಹೋಯ್ತ್.”

“ನೀವ್ ಅಣ್ಣನತ್ರ ಹೇಳ್ಲಿಲ್ಯಾ?”

“ಬಂದದ್ದನ್ನ್ ಹೇಳಿರೆ ಹೋದದ್ದನ್ನೂ ಹೇಳ್ಕಾತ್ತಲ್ದಾ.”

ಗಂಡ ಹೆಂಡಿರ ನಡುವೆ ಮೂರು ವರ್ಷ ಈ ಮಾತು ಬಂದಿರಲಿಲ್ಲ. ಅತ್ತಿಗೆ ಹೇಳದೆಯೇ ಮನೆಯ ಎಣ್ಣೆ ಕಮಟು ಬರುವ ಮೊದಲು ಬದಲಾಯಿಸುತ್ತಿದ್ದರು, ಹಾಲಿನ ಹತ್ತಿರ ತಾವೇ ನಿಲ್ಲುತ್ತಿದ್ದರು. ಸಮಾರಂಭದ ಅಡಿಗೆ ಹೇಗೆ ನಡೆಯುತ್ತಿತ್ತು ಎಂದು ಕೇಳಿದೆ. ಆಗ ಹೊರಬಿತ್ತು ಕೆಮ್ಮಿನ ವಿಷಯ.

ಅಣ್ಣನ ತಂಡದಲ್ಲಿ ಬೈಂದೂರಿನ ಕಡೆಯವರೊಬ್ಬರಿದ್ದಾರೆ, ಎರಡನೇ ಭಟ್ಟರು. ಇಪ್ಪತ್ತು ವರ್ಷದಿಂದ ಅಣ್ಣನ ಬಲಗೈ. ಅಣ್ಣ ಕಟಾರದ ಮೇಲೆ ಬಗ್ಗಿ ಆವಿ ನೋಡುವಾಗ ಅವರು ಬೆನ್ನ ಹಿಂದೆ ನಿಂತು ತಾವೂ ಆವಿ ನೋಡುತ್ತಿದ್ದರು. ಉಪ್ಪು ಸರಿಯಿದ್ದರೆ ಒಂದು ಸಲ ಕೆಮ್ಮು. ಸಾಲದಿದ್ದರೆ ಎರಡು ಸಲ. ಅಣ್ಣ ಹಾಕುತ್ತಿದ್ದ. ಇಂಗಿನದ್ದೂ ಹಾಗೇ. ಇದನ್ನು ಅವರಿಬ್ಬರು ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ಯಾವಾಗಲೋ ಅವರು ಕೆಮ್ಮಿದರು, ಯಾವಾಗಲೋ ಅಣ್ಣ ಕೇಳಿಸಿಕೊಂಡ. ಮೂರು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ನಡೆದು ಹೋಗಿದೆ.

“ಈಗ ಅವ್ರಿಗ್ ಬೇಜಾರ್ ಬಂದಿತ್ತ್,” ಎಂದರು ಅತ್ತಿಗೆ. “ನೀನೇ ಒಂದ್ಸಲ ಫೋನ್ ಮಾಡ್.”

ಹೊರಗೆ ಬಂದು ಮಾಡಿದೆ. ಎರಡನೇ ಭಟ್ಟರು ಮೊದಲು ನನ್ನ ಸಕ್ಕರೆ ಕಾಯಿಲೆ ವಿಚಾರಿಸಿದರು. ನನಗೆ ಸಕ್ಕರೆ ಕಾಯಿಲೆ ಇಲ್ಲ ಎಂದು ಯಾರೂ ನಂಬುವುದಿಲ್ಲ, ಅಷ್ಟು ಸಲ ಪರೀಕ್ಷೆ ಮಾಡಿಸಿದ್ದೇನೆ.

“ಬಿಜೂರಿಗೆ ಬತ್ತೆ ಮೇಷ್ಟ್ರೆ,” ಎಂದರು ಅವರು. “ಕೆಲ್ಸ ಎಲ್ಲ ಮಾಡ್ತೆ. ಆದ್ರೆ ಕೆಮ್ಮುದಿಲ್ಲ.”

“ಭಟ್ರೆ, ಇದೊಂದ್ಸಲ…”

“ಮೂರ್ ವರ್ಷ ಕೆಮ್ಮಿದೆ. ಸಮ ಆದ್ರೆ ನಿಮ್ಮಣ್ಣನ್ ಕೈಗುಣ. ಉಪ್ಪ್ ಜಾಸ್ತಿ ಆದ್ರೆ ನನ್ ಕೆಮ್ಮಿನ್ ತಪ್ಪ್. ಹೋದ್ ತಿಂಗ್ಳ್ ಶೀತ ಆಯಿ ನಿಜವಾಗ್ ಕೆಮ್ಮಿದ್ರೆ, ಅವ್ರ್ ಇನ್ನೊಂದ್ ಮುಷ್ಟಿ ಉಪ್ಪ್ ಹಾಕ್ರ್. ನನ್ ಹೆಂಡ್ತಿ ನನ್ ಎದಿ ಫೋಟೋ ತೆಗ್ಸಿತ್, ಗೊತ್ತಿತ್ತಾ? ಟೀಬಿ ಅಂತ ಹೆದ್ರಿ. ನಿಮ್ಮಣ್ಣ ಎಲ್ಲರ ಎದ್ರಿಗೆ ಬಾಯಿಬಿಟ್ಟ್ ಹೇಳ್ಲಿ, ನಂಗೆ ವಾಸ್ನೆ ಇಲ್ಲ, ನೀ ಕಾಣ್ ಅಂತ. ನಾ ಕಾಂತೆ. ಸಾಯುವವರಿಗೂ ಕಾಂತೆ. ಹಿಂದ್ ನಿಂತ್ ಕೆಮ್ಮುಕ್ ಆತಿಲ್ಲ.”



ಭಾನುವಾರ ಕಾಗದ ಹೊಸದಾಗಿ ಬರೆದೆ. ಗ್ರಾಜುಯಲಿ, ಬಟ್ ನಾಟ್ ಸ್ಟೆಡಿಲಿ. ಹಂತ ಹಂತವಾಗಿ, ಆದರೆ ಒಂದೇ ಸಮನೆ ಅಲ್ಲ. ಮಳೆಗಾಲ, ದೀಪಾವಳಿ, ಸೊನೆ, ಐದು ದಿನದ ಮಾತ್ರೆ, ಹಲಸಿನ ಹಣ್ಣು, ಎಲ್ಲ ಬರೆದೆ. ಕೆಮ್ಮನ್ನು ಬಿಟ್ಟೆ. ಇಂಗ್ಲಿಷ್ ಏನೂ ಚೆನ್ನಾಗಿರಲಿಲ್ಲ, ತಾಳ ತಪ್ಪಿತ್ತು. ಸುಳ್ಳು ಮಾತ್ರ ಇರಲಿಲ್ಲ.

ಸೋಮವಾರ ಕುಂದಾಪುರದ ಕ್ಲಿನಿಕ್ಕಿನಲ್ಲಿ ನಮ್ಮ ಸರದಿ ಬರುವಾಗ ಹನ್ನೆರಡು ದಾಟಿತ್ತು. ತಜ್ಞರು ಚಿಕ್ಕ ವಯಸ್ಸಿನವರು, ಅವಸರದಲ್ಲಿದ್ದರು. ಕಾಗದದ ಮೇಲೆ ಕಣ್ಣು ಓಡಿಸುತ್ತಾ ಹೋದವರು ಮಾತ್ರೆಯ ಗೆರೆಯಲ್ಲಿ ನಿಂತರು. ಯಾವ ಮಾತ್ರೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅತ್ತಿಗೆ ಚೀಲದಿಂದ ಆಚೆ ವರ್ಷದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ಅಣ್ಣ ಆ ಚೀಟಿಯನ್ನೂ ಹೆಂಡತಿಯ ಮುಖವನ್ನೂ ನೋಡಿದ. ಅವನಿಗೆ ಆಗ ಎಷ್ಟು ತಿಳಿಯಿತೋ ಗೊತ್ತಿಲ್ಲ, ಕಿವಿ ಕೆಂಪಾಯಿತು.

ತಜ್ಞರು ಅವನ ಮೂಗಿನೊಳಗೆ ಸಪೂರದ ಕೊಳವೆ ಇಳಿಸಿದರು. ಪರದೆಯ ಮೇಲೆ ಚಿತ್ರ ಬಂತು. ನಾನು ಕುರ್ಚಿಯ ಹಿಡಿ ಗಟ್ಟಿ ಹಿಡಿದೆ, ಕೊಳವೆ ನನ್ನ ಮೂಗಿಗೇ ಹೋದ ಹಾಗೆ. ಅವರು ಹೇಳಿದ್ದನ್ನು ನಾನು ಅಣ್ಣನಿಗೆ ಕನ್ನಡ ಮಾಡಬೇಕಿತ್ತು.

“ಎರಡೂ ಕಡೆ ಒಳಗೆ ದ್ರಾಕ್ಷಿ ಗೊಂಚಲಿನ ಹಾಗೆ ಮಾಂಸ ಬೆಳೆದಿದೆಯಂತೆ. ಕೆಟ್ಟದ್ದಲ್ಲ. ಗಾಳಿ ಮೇಲಿನವರೆಗೆ ಹೋಗದೆ ವಾಸನೆ ಗೊತ್ತಾಗ್ತಿಲ್ಲ. ಆ ಮಾತ್ರೆಗೆ ಅದು ಕುಗ್ಗಿತ್ತು, ಅದಕ್ಕೇ ಆಗ ವಾಸನೆ ಬಂದದ್ದು.”

“ಮೂಗಿನಗೆ ದ್ರಾಕ್ಷಿಯಾ?” ಎಂದ ಅಣ್ಣ. “ಗೋಡಂಬಿ ಇಲ್ಯಾ ಕೇಣ್. ಪಾಯ್ಸ ಮಾಡ್ಲಕ್.”

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. ಒಂದೇ ಸಮನೆ ಹೋಗಿದ್ದರೆ ಮೊದಲು ತಲೆಯ ಸ್ಕ್ಯಾನ್ ಹೇಳುತ್ತಿದ್ದೆ, ಯೋಚನೆಯೇ ಬೇರೆ ಇರುತ್ತಿತ್ತು ಎಂದರು ತಜ್ಞರು. ಮೂಗಿಗೆ ಔಷಧಿ, ಸ್ವಲ್ಪ ದಿನ ಮಾತ್ರೆ, ಬೇಕಾದರೆ ಆಪರೇಷನ್. ವಾಸನೆ ಮರಳಬಹುದು, ಪೂರ್ತಿ ಬರುತ್ತದೆ ಎಂದು ಮಾತು ಕೊಡಲಾರೆ, ತೆಗೆದರೂ ಮತ್ತೆ ಬೆಳೆಯಬಹುದು. ಗುರುವಾರದ ಒಳಗೆ ಬಂದೀತೇ ಎಂದು ನಾನು ಕೇಳಿದೆ. ಅವರು ಗುರುವಾರ ಏನಿದೆ ಎಂದು ಕೇಳಿದರು. ಅದನ್ನು ವಿವರಿಸುವಷ್ಟು ಇಂಗ್ಲಿಷು ನನಗೆ ಇಲ್ಲವೆಂದು ಗೊತ್ತಾಯಿತು.

ವಾಪಸು ಬರುವಾಗ ಆಟೋದಲ್ಲಿ ಎರಡನೇ ಭಟ್ಟರ ಮಾತನ್ನು ಹೇಳಿದೆ. ಮುಚ್ಚಿಡೋಣ ಎಂದೂ ಅನಿಸಿತ್ತು. ಆದರೆ ಮುಚ್ಚಿಟ್ಟದ್ದು ಈ ಮನೆಯಲ್ಲಿ ಸಾಕಷ್ಟಾಗಿತ್ತು. ಅಣ್ಣ ಹೈವೇಯನ್ನೇ ನೋಡುತ್ತಿದ್ದ.

“ಹಾಂಗೆ ಹೇಳ್ದನಾ?”

“ಹ್ಞೂಂ.”

ಕೋಟೇಶ್ವರದಲ್ಲಿ ಇಳಿದು ಅವನು ಆಟೋದವನಿಗೆ ದುಡ್ಡು ಎಣಿಸಿ ಕೊಟ್ಟ.

ಗುರುವಾರ ನಾನು ರಜೆ ಹಾಕಿ ಬಿಜೂರಿಗೆ ಹೋದೆ. ಮಾತ್ರೆ ಶುರುವಾಗಿ ಮೂರು ದಿನ. ಬೆಳಿಗ್ಗೆ ಬಸ್ಸಿಳಿದವನೇ ಅಡಿಗೆಯ ಚಪ್ಪರಕ್ಕೆ ನುಗ್ಗಿ, “ಬಂತಾ?” ಎಂದೆ. ಅಣ್ಣ ತೆಂಗಿನಕಾಯಿ ಒಡೆಯುತ್ತಿದ್ದ.

“ನೀ ಬಂದೆ. ಅದ್ ಬರ್ಲಿಲ್ಲ.”

ಚಪ್ಪರದಲ್ಲಿ ಐದಾರು ಜನ ಅಡಿಗೆಯವರು. ಎರಡನೇ ಭಟ್ಟರು ಹೆಗಲಿಗೆ ಪಂಚೆ ಸುತ್ತಿಕೊಂಡು ಬೀನ್ಸ್ ಹೆಚ್ಚುತ್ತಿದ್ದರು. ಅಣ್ಣನಿಗೂ ಅವರಿಗೂ ಕೆಲಸದ ಮಾತು ಮಾತ್ರ: ಬೆಲ್ಲ ಎಲ್ಲಿ, ನೀರು ಇಡು. ನಾನು ಮೂಲೆಯಲ್ಲಿ ಬಾಳೆಲೆ ಒರೆಸುವ ನೆಪದಲ್ಲಿ ಕೂತೆ. ಒಂದೇ ಎಲೆಯನ್ನು ಎಷ್ಟು ಒರೆಸಿದೆನೆಂದರೆ ಅದು ಸೀಳಿತು.

ಹನ್ನೊಂದೂವರೆಗೆ ಹುಳಿ ಕುದಿ ಬಂತು. ನೈವೇದ್ಯಕ್ಕೆ ತೆಗೆಯುವ ಹೊತ್ತು. ಅಣ್ಣ ಉಪ್ಪು ಹಾಕಿ, ಮರದ ಹುಟ್ಟಿನಿಂದ ಒಂದು ಸುತ್ತು ತಿರುಗಿಸಿ, ಕಟಾರದ ಮೇಲೆ ಬಗ್ಗಿದ. ಅಂಗೈಯಲ್ಲಿ ಆವಿಯನ್ನು ತಂದುಕೊಂಡ. ಎರಡನೇ ಭಟ್ಟರು ಯಾವಾಗಿನ ಜಾಗದಲ್ಲಿ, ಅವನ ಬೆನ್ನ ಹಿಂದೆ ಬಂದು ನಿಂತರು. ತುಟಿ ಬಿಗಿದಿದ್ದರು.

ಅಣ್ಣ ಬಗ್ಗಿಯೇ ಇದ್ದ.

ಕಾಯಿ ತುರಿಯುವವರು ನಿಲ್ಲಿಸಿದರು. ಯಾರೋ ಚಮಚ ಬೀಳಿಸಿ, ಎತ್ತಿಕೊಳ್ಳದೆ ಬಿಟ್ಟರು. ನನಗೆ ಕೆಮ್ಮು ಬಂತು. ಹೆದರಿಕೆಯಾದರೆ ನನಗೆ ಗಂಟಲು ಕೆರೆಯುತ್ತದೆ. ಈಗ ಕೆಮ್ಮಿದರೆ ಅಣ್ಣ ಒಂದು ಲೆಕ್ಕ ಹಿಡಿದಾನು ಎಂದು ಬಾಯಿಗೆ ಬಾಳೆಲೆ ಒತ್ತಿ ಹಿಡಿದು ಕಣ್ಣಲ್ಲಿ ನೀರು ಸುರಿಸುತ್ತಾ ಕೂತೆ.

ಮನೆಯ ಯಜಮಾನರು ಬಾಗಿಲಿಗೆ ಬಂದರು. “ಹ್ವಾಯ್ ಭಟ್ರೆ, ಪುರೋಹಿತ್ರ್ ಕೇಂತಿದ್ರ್. ನೈವೇದ್ಯಕ್ಕ್ ಆಯ್ತಾ?”

ಅಣ್ಣ ನೆಟ್ಟಗಾದ. ಮುಖ ಆವಿಗೆ ಒದ್ದೆಯಾಗಿತ್ತು, ಒರೆಸಿಕೊಂಡ. “ಒಂದ್ ನಿಮ್ಷ ಕಾಣಿ,” ಎಂದ ಯಜಮಾನರಿಗೆ. ಆಮೇಲೆ ಹಿಂದಕ್ಕೆ ತಿರುಗಿ, ಮೂರು ವರ್ಷದಲ್ಲಿ ಮೊದಲ ಸಲ ಎರಡನೇ ಭಟ್ಟರ ಮುಖಕ್ಕೆ ಸರಿಯಾಗಿ ನೋಡಿ ಹೇಳಿದ.

“ನಂಗೆ ವಾಸ್ನೆ ಬತ್ತಿಲ್ಲ ಮಾರಾಯ. ನೀ ಕಾಣ್.”

ದೊಡ್ಡದಾಗಿಯೇ ಹೇಳಿದ. ಯಜಮಾನರಿಗೂ ಕೇಳಿಸಿತು.

ಎರಡನೇ ಭಟ್ಟರು ಮುಂದೆ ಬಂದರು. ಅಣ್ಣ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಅವರು ಬಗ್ಗಿ ಆವಿ ತಂದುಕೊಂಡರು, ಒಮ್ಮೆ, ಇನ್ನೊಮ್ಮೆ. “ಉಪ್ಪ್ ಸಮ ಇತ್ತ್,” ಎಂದರು. “ಹುಳಿ ಒಂಚೂರ್ ಮುಂದಿತ್ತ್. ಒಂದ್ ಅಚ್ಚ್ ಬೆಲ್ಲ ಹಾಕಿ.” ಅಣ್ಣ ಬೆಲ್ಲ ತೆಗೆದು ತನ್ನ ಕೈಯಿಂದಲೇ ಹಾಕಿ ತಿರುಗಿಸಿದ. ಅವರು ಮತ್ತೆ ನೋಡಿ, “ಆಯ್ತ್” ಎಂದರು. ನೈವೇದ್ಯಕ್ಕೆ ತೆಗೆದುಕೊಂಡು ಹೋದರು.

“ನಮ್ಗೆಲ್ಲ ಗೊತ್ತಿದ್ದಿತ್,” ಎಂದರು ಕಾಯಿ ತುರಿಯುವವರು, ಮತ್ತೆ ತುರಿಯಲು ಶುರು ಮಾಡುತ್ತಾ.

“ಗೊತ್ತಿದ್ರೆ ಬಾಯಗೆ ಎಂತ ಇಟ್ಕಂಡಿದ್ರಿ?” ಎಂದ ಅಣ್ಣ.

“ನಿಮ್ ಮೂಗ್. ನಾವ್ ಹೇಳುದಾ?”

ಊಟ ಮುಗಿಯಿತು. ಹುಳಿ ಚೆನ್ನಾಗಿತ್ತು. ನನಗೆ ಅದರ ಮೇಲೆ ಗಮನ ಇರಲಿಲ್ಲ. ಯಜಮಾನರ ಮೇಲಿತ್ತು. ಅವರ ತಮ್ಮನ ಮನೆಯಲ್ಲಿ ಬರುವ ತಿಂಗಳು ಮದುವೆ ಇದೆ, ಆ ಅಡಿಗೆಗೂ ಇವತ್ತೇ ವೀಳ್ಯ ಕೊಡುತ್ತಾರೆ ಎಂದು ಅಣ್ಣ ಮೊದಲೇ ಹೇಳಿದ್ದ. ವೀಳ್ಯ ಯಾರ ಕೈಗೆ ಬರುತ್ತದೋ ಅಡಿಗೆ ಅವರದ್ದು. ವಾಸನೆ ಬಾರದ ಭಟ್ಟನ ಕೈಗೆ ಯಾರು ಕೊಡುತ್ತಾರೆ? ಅಷ್ಟು ಹೊತ್ತಿಗೆ ವಿಷಯ ಪಂಕ್ತಿಯಿಡೀ ಹರಡಿತ್ತು. ಕೈ ತೊಳೆಯುವಲ್ಲಿ ಇಬ್ಬರು ಅದನ್ನೇ ಮಾತಾಡುತ್ತಿದ್ದರು.

ಯಜಮಾನರು ಚಪ್ಪರಕ್ಕೆ ಬಂದರು. ಕೈಯಲ್ಲಿ ಎಲೆ ಅಡಿಕೆ ಇತ್ತು, ಒಬ್ಬರಿಗೆ ಆಗುವಷ್ಟು. ಅಣ್ಣನೂ ಎರಡನೇ ಭಟ್ಟರೂ ಕಟಾರ ತೊಳೆದು ಬೋರಲು ಹಾಕುತ್ತಿದ್ದವರು ಎದ್ದು ನಿಂತರು. ಯಜಮಾನರ ಕೈ ಅಣ್ಣನ ಕಡೆ ಸ್ವಲ್ಪ ಹೋಗಿ, ನಿಂತಿತು. ಎರಡನೇ ಭಟ್ಟರು ನೆಲ ನೋಡಿದರು.

ಅಣ್ಣ ಕೈ ಚಾಚಲಿಲ್ಲ. “ಕೊಡುದಾರೆ ಇಬ್ರಿಗೂ ಕೊಡ್ಕ್,” ಎಂದ. “ಒಬ್ರ ಕೈಯಗೆ ಈ ಅಡಿಗೆ ಆತಿಲ್ಲ. ಇವತ್ ಕಂಡ್ರಲ.”

ಯಜಮಾನರು ಎಲೆ ಅಡಿಕೆ ಹಿಡಿದುಕೊಂಡೇ ಒಳಗೆ ಹೋದರು.

ಹೋದವರು ಬರಲಿಲ್ಲ. ಮನೆಯೊಳಗೆ ತಮ್ಮನೊಡನೆ ಮಾತಾಡುವುದು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಬೇರೆ ಅಡಿಗೆಯವರ ಹೆಸರು ಹುಡುಕುತ್ತಿದ್ದಾರೆ ಎಂದು ನಾನು ಖಚಿತ ಮಾಡಿಕೊಂಡೆ. ಅಣ್ಣ ತೊಳೆದ ಕಟಾರವನ್ನು ಮತ್ತೆ ತೊಳೆದ. ಎರಡನೇ ಭಟ್ಟರು ಅದಕ್ಕೆ ನೀರು ಹೊಯ್ದರು.

ಯಜಮಾನರು ಬಂದದ್ದು ಅಂಗಳದ ಕಡೆಯಿಂದ, ಎಲೆಬಳ್ಳಿಯಿಂದ ಆಗಷ್ಟೇ ಕೊಯ್ದ ಎಲೆಗಳನ್ನು ಹಿಡಿದುಕೊಂಡು. “ಒಳ್ಗೆ ಎಲೆ ಖಾಲಿ,” ಎಂದರು. ಎರಡು ಪಾಲು ಮಾಡಿ, ಒಂದೊಂದರ ಮೇಲೆ ಅಡಿಕೆ ಇಟ್ಟು, ಇಬ್ಬರಿಗೂ ಕೊಟ್ಟರು. ಅಣ್ಣ ಪಂಚೆಗೆ ಕೈ ಒರೆಸಿಕೊಂಡು ತೆಗೆದುಕೊಂಡ.